ಓದುಗರ ಪ್ರಶ್ನೆ, ನಮ್ಮ ಉತ್ತರ: ತಲಕಾವೇರಿಯ ನೀರು, ಕೋಲಾರದ ಚಿನ್ನ

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಓದುಗರೊಬ್ಬರಿಗೆ ಉತ್ತರಿಸುವಾಗ, ಬೆಂಗಳೂರಿನ ಆಚೆಗೆ ಪ್ರವಾಸ ಹೋಗುವ ಕೊಡಗಿನವರು ಕೋಲಾರದ ಚಿನ್ನದ ಗಣಿಯ ಊರನ್ನು, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್ ಅಥವಾ ಕೆಜಿಎಫ್ ಅನ್ನು, ಒಮ್ಮೆಯಾದರೂ ನೋಡಿ ಬರಬೇಕೆಂದು ಎರಡು ಸಾಲು ಬರೆದಿದ್ದೆ. ಆ ಎರಡು ಸಾಲಿಗೆ ಬಂದ ಪತ್ರಗಳ ಕಟ್ಟು ನನ್ನ ಮೇಜಿನ ಮೇಲಿದೆ. ಅವುಗಳಲ್ಲಿ ಕೆಲವನ್ನು ಆಯ್ದು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಕೆಜಿಎಫ್‌ಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾವು ವಿರಾಜಪೇಟೆಯ ಕಾಲೇಜಿನ ಐವರು ಗೆಳೆಯರು. ಸಿನಿಮಾದಲ್ಲಿ ನೋಡಿದ ಕೆಜಿಎಫ್ ಕೋಟೆಯನ್ನು ನೋಡಿ, ಸಾಧ್ಯವಾದರೆ ಗಣಿಯ ಒಳಗೂ ಇಳಿದು ಬರಬೇಕೆಂಬ ಆಸೆಯಿದೆ. ಅನುಮತಿಯನ್ನು ಯಾರಲ್ಲಿ ಕೇಳಬೇಕು?

ಉತ್ತರ: ಮೊದಲು ನಿರಾಸೆಯ ಮಾತನ್ನು ಹೇಳಿಬಿಡುತ್ತೇನೆ. ನೀವು ತೆರೆಯ ಮೇಲೆ ನೋಡಿದಂಥ ಕೋಟೆ ಆ ಊರಿನಲ್ಲಿ ಇಲ್ಲ, ಹಿಂದೆಯೂ ಇರಲಿಲ್ಲ. ಅದು ಚಿತ್ರೀಕರಣಕ್ಕಾಗಿ ಕಟ್ಟಿದ ಸೆಟ್ಟು ಮತ್ತು ಕಂಪ್ಯೂಟರಿನ ಕೈಚಳಕ. ಗಣಿಯೊಳಗೆ ಇಳಿಯುವ ಮಾತೂ ಇಲ್ಲ. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ 2001ರ ಫೆಬ್ರುವರಿ 28ರಂದು ಗಣಿಗಳನ್ನು ಮುಚ್ಚಿತು. ಹಗಲಿರುಳು ನೀರೆತ್ತುತ್ತಿದ್ದ ಪಂಪುಗಳು ನಿಂತ ಮೇಲೆ ನೆಲದಡಿಯ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಬೇಲಿ ದಾಟಿ ಹಳೆಯ ಶಾಫ್ಟಿನ, ಅಂದರೆ ಗಣಿಗಿಳಿಯುವ ನೇರ ಗುಂಡಿಯ, ಬಾಯಿಗೆ ಇಣುಕುವ ಸಾಹಸವನ್ನು ದಯವಿಟ್ಟು ಯಾರೂ ಮಾಡಬಾರದು. ಅಲ್ಲಿಯ ಶಾಫ್ಟ್ ಎಂದರೆ ನಮ್ಮ ತೋಟದ ಬಾವಿಯಲ್ಲ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರು. ತಡಿಯಂಡಮೋಳ್ ಬೆಟ್ಟದ ತುದಿಯೇ ಸಮುದ್ರಮಟ್ಟದಿಂದ 1,748 ಮೀಟರು ಎತ್ತರದಲ್ಲಿದೆ. ಅಂಥ ಬೆಟ್ಟವನ್ನು ತಲೆಕೆಳಗಾಗಿ ಇಳಿಸಿದರೂ ಆ ಗಣಿಯ ಅರ್ಧದಷ್ಟನ್ನು ಮುಟ್ಟಿ ಸ್ವಲ್ಪ ಮುಂದೆ ಹೋದೀತು, ಅಷ್ಟೆ. ಆ ಆಳದಲ್ಲಿ ಬಂಡೆಯ ಮೈ ಮುಟ್ಟಲಾಗದಷ್ಟು ಬಿಸಿಯಾಗಿರುತ್ತಿತ್ತು. ತಣ್ಣಗಾಗಿಸಿದ ಗಾಳಿಯನ್ನು ಮೇಲಿನಿಂದ ತಳ್ಳದೆ ಅಲ್ಲಿ ಯಾರೂ ಕೆಲಸ ಮಾಡುವಂತಿರಲಿಲ್ಲ.

ಹಾಗಾದರೆ ನೋಡುವುದೇನನ್ನು ಎಂದು ಕೇಳಿದರೆ, ನೆಲದ ಮೇಲೆ ಉಳಿದಿರುವ ಊರನ್ನು ಎಂಬುದೇ ನನ್ನ ಉತ್ತರ. ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರುಗಾಂ, ಕೋರಮಂಡಲ್ ಎಂಬ ಬಡಾವಣೆಗಳ ಉದ್ದಕ್ಕೂ ಶಾಫ್ಟುಗಳ ಮೇಲೆ ನಿಲ್ಲಿಸಿದ ಉಕ್ಕಿನ ಗೋಪುರಗಳು, ಅಂದರೆ ಹೆಡ್‌ಗೇರುಗಳು, ಅಲ್ಲಲ್ಲಿ ಆಕಾಶಕ್ಕೆ ಚಾಚಿಕೊಂಡಿವೆ. ಗೋಪುರದ ನೆತ್ತಿಯ ಮೇಲಿನ ದೊಡ್ಡ ಗಾಲಿಯ ಮೇಲೆ ಹಾದ ಉಕ್ಕಿನ ಹಗ್ಗವೇ ಕಾರ್ಮಿಕರನ್ನು ತುಂಬಿಕೊಂಡ ಕೇಜನ್ನು ಕೆಳಗಿಳಿಸುತ್ತಿತ್ತು, ಅದಿರನ್ನು ಮೇಲಕ್ಕೆಳೆಯುತ್ತಿತ್ತು. ಇವನ್ನು ರಸ್ತೆಯಿಂದಲೇ ಚೆನ್ನಾಗಿ ನೋಡಬಹುದು.

ಇನ್ನು, ಊರವರು ‘ಸೈನೇಡ್ ದಿಬ್ಬ’ ಎಂದು ಕರೆಯುವ ಬೂದು ಗುಡ್ಡಗಳು. ಚಿತ್ರೀಕರಣಕ್ಕೆ ಆಯ್ದುಕೊಳ್ಳುವುದೂ ಹೆಚ್ಚಾಗಿ ಇವನ್ನೇ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೇಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ನೂರು ವರ್ಷ ಸುರಿದು ಸುರಿದು ಆದ ರಾಶಿಗಳಿವು. ಇಂಥವು ಹದಿಮೂರಿವೆ. ಅವುಗಳಲ್ಲಿರುವ ಪುಡಿ ಮೂರು ಕೋಟಿ ಟನ್ನನ್ನು ಮೀರುತ್ತದೆ. ಮಳೆನೀರು ಕೊರೆದ ಕೊರಕಲುಗಳಿಂದಾಗಿ ಸಂಜೆಯ ಬಿಸಿಲಿನಲ್ಲಿ ಅವುಗಳ ಚೆಲುವು ಬೆರಗು ಹುಟ್ಟಿಸುವುದೇನೋ ನಿಜ. ಆದರೆ ಅದನ್ನು ದೂರದಿಂದ ನೋಡುವುದೇ ಲೇಸು. ಗಾಳಿ ಎದ್ದಾಗ ಆ ನುಣ್ಣನೆಯ ಸಿಲಿಕಾ ಪುಡಿ ಮೂಗು ಬಾಯಿಗೆ ತುಂಬುತ್ತದೆ. ಅಕ್ಕಪಕ್ಕದ ಮನೆಗಳವರು ಅದನ್ನು ದಿನವೂ ಉಸಿರಾಡುತ್ತಿರುವಾಗ, ನಾವು ಅದರ ಮೇಲೆ ಹತ್ತಿ ಜಾರಿ ಆಡಿ ಮತ್ತಷ್ಟು ಪುಡಿ ಎಬ್ಬಿಸಿ ಬರುವುದು ಸಭ್ಯತೆಯೂ ಅಲ್ಲ.

ಪ್ರಶ್ನೆ: ನಾನು ನಾಪೋಕ್ಲುವಿನ ನಿವೃತ್ತ ಶಿಕ್ಷಕ. ನಮ್ಮ ಕಾವೇರಿಯೇ ಕೋಲಾರದ ಗಣಿಗೆ ದೀಪ ಹಚ್ಚಿದಳೆಂದು ಮಕ್ಕಳಿಗೆ ಬಹುಕಾಲ ಪಾಠ ಹೇಳಿದ್ದೇನೆ. ಈಗ ಮೊಮ್ಮಗ ‘ಇಲ್ಲಿಯ ನೀರು ಅಲ್ಲಿಯವರೆಗೆ ಹೇಗೆ ಹೋಯಿತು’ ಎಂದು ಕೇಳುತ್ತಿದ್ದಾನೆ. ವಿವರವಾಗಿ ತಿಳಿಸುವಿರಾ?

ಉತ್ತರ: ಗುರುಗಳೇ, ಮೊಮ್ಮಗನಿಗೆ ಹೇಳಿ, ಹೋದದ್ದು ನೀರಲ್ಲ, ನೀರಿನ ಬಲ. ಈ ಪತ್ರಕ್ಕೆ ನಾನು ಸ್ವಲ್ಪ ಹೆಚ್ಚೇ ಜಾಗ ಕೊಡುತ್ತಿದ್ದೇನೆ, ಏಕೆಂದರೆ ಕೊಡಗಿನವರು ಕೆಜಿಎಫ್‌ಗೆ ಹೊರಡಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಕಾಣುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಗಣಿಗಳು ಆಳವಾಗುತ್ತ ಹೋದಂತೆ ನೀರೆತ್ತುವುದಕ್ಕೆ, ಅದಿರು ಮೇಲೆಳೆಯುವುದಕ್ಕೆ, ಗಾಳಿ ಒತ್ತುವುದಕ್ಕೆ ಉಗಿಯಂತ್ರಗಳನ್ನೇ ನೆಚ್ಚಬೇಕಾಗಿತ್ತು. ಉಗಿಯಂತ್ರಕ್ಕೆ ಸೌದೆಯೋ ಕಲ್ಲಿದ್ದಲೋ ಬೇಕು. ಕೋಲಾರದ ಸುತ್ತ ದೊಡ್ಡ ಕಾಡಿಲ್ಲ, ಕಲ್ಲಿದ್ದಲಂತೂ ದೂರದಿಂದಲೇ ಬರಬೇಕು. ಅದೇ ಕಾಲಕ್ಕೆ ಶಿವನಸಮುದ್ರದಲ್ಲಿ ಕಾವೇರಿಯು ಧುಮ್ಮಿಕ್ಕಿ ಬಿದ್ದು ಸುಮ್ಮನೆ ಹರಿದುಹೋಗುತ್ತಿದ್ದಳು. ಆ ಬೀಳುನೀರಿನಿಂದ ವಿದ್ಯುತ್ ತೆಗೆದು ಗಣಿಗೆ ಮಾರಬಹುದೆಂಬ ಯೋಜನೆಯನ್ನು ಸಿದ್ಧಪಡಿಸಿದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರ್ ಎ. ಜೆ. ದ ಲಾಟ್‌ಬಿನಿಯರ್. ಅದರ ಬೆನ್ನಿಗೆ ನಿಂತು ನಡೆಸಿದವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು, ಸ್ವಿಟ್ಜರ್‌ಲೆಂಡಿನ ಎಷರ್ ವೀಸ್ ಕಂಪನಿಯ ನೀರಿನ ಯಂತ್ರಗಳು ಹಡಗೇರಿ ಬಂದವು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ, ಅಂದರೆ 148 ಕಿಲೋಮೀಟರು, ತಂತಿಯ ಮೇಲೆ ಸಾಗಿ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಶೇಷಾದ್ರಿ ಅಯ್ಯರ್ ಅವರಿಗೆ ಮಾತ್ರ ಆ ದಿನವನ್ನು ಕಾಣುವ ಯೋಗವಿರಲಿಲ್ಲ. ಹಿಂದಿನ ವರ್ಷವೇ, 1901ರಲ್ಲಿ, ಅವರು ತೀರಿಕೊಂಡಿದ್ದರು. ಇನ್ನೊಂದು ಮಾತು ಮೊಮ್ಮಗನಿಗೆ ಸೋಜಿಗವೆನಿಸಬಹುದು: ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ರಾಜ್ಯದ ದೊಡ್ಡ ನಗರಕ್ಕಿಂತ ಮೂರು ವರ್ಷ ಮೊದಲೇ ಗಣಿಯೂರು ಬೆಳಗಿತ್ತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಶಿವನಸಮುದ್ರದ ಯಂತ್ರಗಳು ಸೊರಗುತ್ತಿದ್ದವು. ಯಂತ್ರ ಸೊರಗಿದರೆ ಗಣಿಯ ಕೆಲಸಕ್ಕೆ ಕುತ್ತು. ವರ್ಷವಿಡೀ ನೀರು ಸಿಗುವಂತೆ ಮೇಲುಭಾಗದಲ್ಲಿ ಅಣೆಕಟ್ಟು ಕಟ್ಟಬೇಕೆಂಬ ವಾದಕ್ಕೆ, ನೀರಾವರಿಯ ಜೊತೆಗೆ, ಇದೂ ಒಂದು ಬಲವಾದ ಕಾರಣವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ನಾವು ಸಾಮಾನ್ಯವಾಗಿ ಮಂಡ್ಯದ ಗದ್ದೆಗಳ ಜೊತೆ ಸೇರಿಸಿ ನೆನೆಯುತ್ತೇವೆ. ಅದರ ಹುಟ್ಟಿನಲ್ಲಿ ಕೋಲಾರದ ಚಿನ್ನಕ್ಕೂ ಪಾಲಿತ್ತು ಎಂಬುದನ್ನು ಮರೆಯುತ್ತೇವೆ. ಭಾಗಮಂಡಲದಲ್ಲಿ ಕಕ್ಕಡ ತಿಂಗಳ ಮಳೆ ಎಷ್ಟು ಸುರಿಯಿತು ಎಂಬುದರ ಮೇಲೆ ಮುನ್ನೂರು ಕಿಲೋಮೀಟರು ಆಚೆಯ ಗಣಿಯ ಕೇಜು ಏರಿಳಿಯುವುದು ನಿಂತಿತ್ತು ಎಂದರೆ ಉತ್ಪ್ರೇಕ್ಷೆಯೇನಲ್ಲ.

ನೋಡುವುದಾದರೆ ಹೀಗೆ ಮಾಡಬಹುದು. ಮೈಸೂರಿನಿಂದ ನೇರ ಬೆಂಗಳೂರಿಗೆ ಹೋಗದೆ ಶಿವನಸಮುದ್ರದ ಮೇಲೆ ಹೋಗಿ, ಗಗನಚುಕ್ಕಿ ಮತ್ತು ಭರಚುಕ್ಕಿಗಳನ್ನು ನೋಡಿ, ಶೇಷಾದ್ರಿ ಅಯ್ಯರ್ ಅವರ ಹೆಸರನ್ನೇ ಹೊತ್ತು ಇಂದಿಗೂ ನಡೆಯುತ್ತಿರುವ ಆ ವಿದ್ಯುದಾಗಾರದ ಎತ್ತರದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಮರುದಿನ ಕೆಜಿಎಫ್ ತಲುಪಿದರೆ ಮೊಮ್ಮಗನ ಪ್ರಶ್ನೆಗೆ ನನ್ನ ಉತ್ತರದ ಅಗತ್ಯವೇ ಬೀಳದು. ವಿದ್ಯುದಾಗಾರದ ಒಳಗೆ ಹೋಗಲು ಮಾತ್ರ ಮುಂಚಿತವಾಗಿ ಅನುಮತಿ ಪಡೆಯಬೇಕು.

ಪ್ರಶ್ನೆ: ಅಲ್ಲಿ ಚಿನ್ನವಿದೆಯೆಂದು ಮೊದಲು ಕಂಡುಹಿಡಿದವರು ಯಾರು? ಬೆಂಗಳೂರಿನ ಲ್ಯಾವೆಲ್ ರಸ್ತೆಗೂ ಇದಕ್ಕೂ ಸಂಬಂಧವಿದೆ ಎನ್ನುತ್ತಾರೆ, ನಿಜವೇ? (ಗೋಣಿಕೊಪ್ಪಲಿನ ಓದುಗರು)

ಉತ್ತರ: ಸಂಬಂಧವಿರುವುದು ನಿಜ. ಆದರೆ ‘ಕಂಡುಹಿಡಿದರು’ ಎಂಬ ಮಾತಿಗೆ ನನ್ನ ತಕರಾರಿದೆ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಊರುಗಾಂ ಮತ್ತು ಮಾರಿಕುಪ್ಪಂ ಭಾಗದ ಹಳ್ಳಿಗರಿಗೆ ಬಹುಮಾನದ ಆಸೆ ತೋರಿಸಿ ಚಿನ್ನವಿರುವ ಮಣ್ಣನ್ನು ತರಿಸಿಕೊಂಡನು. ಹಳ್ಳಿಗರು ಗಾಡಿಯಲ್ಲಿ ಮಣ್ಣು ತಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಅಂದರೆ ತಿಳಿವಳಿಕೆ ಇದ್ದದ್ದು ಅವರಲ್ಲಿ, ವರದಿ ಬರೆದದ್ದು ಇವನು. ಬ್ರಿಟಿಷರು ಬರುವುದಕ್ಕೆ ಎಷ್ಟೋ ಹಿಂದಿನಿಂದ ಅಲ್ಲಿ ಹಳೆಯ ಅಗೆತಗಳಿದ್ದವು.

ವಾರೆನ್ನನ ಬರಹ ಅನೇಕ ದಶಕಗಳ ಬಳಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ಸೈನಿಕನ ಕಣ್ಣಿಗೆ ಬಿತ್ತು. ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಅವನಿಗೆ ಅಲ್ಲಿಯ ಚಿನ್ನದ ಗೀಳೂ ಅಂಟಿಕೊಂಡು ಬಂದಿತ್ತು. 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿ ಸುತ್ತಾಡಿದನು, 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದನು, 1875ರಲ್ಲಿ ಗಣಿಯ ಗುತ್ತಿಗೆ ಪಡೆದನು. ಬಂಡವಾಳ ಮಾತ್ರ ಒದಗಲಿಲ್ಲ. ಹಕ್ಕು ಬೇರೆಯವರ ಕೈಸೇರಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆಯೂ ಕೆಲವು ವರ್ಷ ಹಣ ಮಣ್ಣುಪಾಲಾಗಿ, ಆ ದಶಕದ ನಡುವೆ ಚಾಂಪಿಯನ್ ಎಂಬ, ಚಿನ್ನ ಹುದುಗಿದ ಬಿಳಿಗಲ್ಲಿನ ಪಟ್ಟಿ ಸಿಕ್ಕಿತು. ಅನಂತರದ ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್ನು. ಲ್ಯಾವೆಲ್ಲನಿಗೆ ಉಳಿದದ್ದು ರಸ್ತೆಯ ಹೆಸರು.

ಪ್ರಶ್ನೆ: ನಾನು ಸಿದ್ದಾಪುರದ ಬಳಿಯ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದವಳು. ನಮ್ಮ ಅಜ್ಜಿಯ ತಮ್ಮ ಕೋಲಾರದ ಗಣಿಗೆ ಹೋಗಿ ಅಲ್ಲಿಯೂ ‘ಲೈನಿನಲ್ಲೇ’ ಇದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಅಲ್ಲಿಯ ಲೈನುಗಳು ಹೇಗಿದ್ದವು? ಅವನ್ನು ಈಗಲೂ ನೋಡಬಹುದೇ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾಫಿ ತೋಟಕ್ಕೂ ಚಿನ್ನದ ಗಣಿಗೂ ಒಂದೇ ಪದವನ್ನು ಅಂಟಿಸಿದ ಆ ಕಾಲದ ದೊರೆಗಳ ಲೆಕ್ಕಾಚಾರವೂ ಒಂದೇ ಆಗಿತ್ತು: ಕೆಲಸದ ಜಾಗಕ್ಕೆ ಹತ್ತಿರ, ಖರ್ಚಿಗೆ ಕಡಿಮೆ, ಕಣ್ಣಳತೆಯಲ್ಲಿ ಎಲ್ಲರೂ. ಕೆಜಿಎಫ್‌ನ ಮೊದಮೊದಲ ಲೈನುಗಳಿಗೆ ಬಿದಿರಿನ ತಟ್ಟಿಯೇ ಗೋಡೆ. ಆಮೇಲೆ ತಗಡು, ಇಟ್ಟಿಗೆ ಬಂದವು. ಸಾಲಾಗಿ ಒಂದಕ್ಕೊಂದು ಬೆನ್ನು ಹಚ್ಚಿಕೊಂಡ ಪುಟ್ಟ ಮನೆಗಳಲ್ಲಿ ಗಣಿಯ ಮೂರು ಪಾಳಿಗಳಿಗೆ ಹೊಂದಿಕೊಂಡು ಸಂಸಾರಗಳು ನಡೆದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುಡಿಯುವವರ ಸಂಖ್ಯೆ 30,000ದ ಆಸುಪಾಸು ಇತ್ತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳು, ತೆಲುಗು ಮಾತಿನ ಜನರೇ ಹೆಚ್ಚು, ಅವರಲ್ಲಿಯೂ ದಲಿತರೇ ಬಹುಪಾಲು. ನೆಲದಡಿಯ ಅತಿ ಕಷ್ಟದ ಕೆಲಸ ಅವರ ಪಾಲಿನದು. ಆಳದ ಬಂಡೆ ಒತ್ತಡ ತಾಳದೆ ಒಮ್ಮೆಗೇ ಸಿಡಿಯುತ್ತಿತ್ತು. ಮೇಲಿನ ಮನೆಗಳ ಪಾತ್ರೆಗಳೂ ಅದುರುವಂಥ ಆ ಸಿಡಿತವನ್ನು ಗಣಿಯವರು ರಾಕ್‌ಬರ್ಸ್ಟ್ ಎಂದೂ ಏರ್‌ಬ್ಲಾಸ್ಟ್ ಎಂದೂ ಕರೆದರು. ಅದರಿಂದ ಉಳಿದವರನ್ನು ಕಲ್ಲುಪುಡಿಯ ಉಸಿರಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕಾಡಿತು.

ಅವರು ತಲೆಬಾಗಿಯೇ ಬದುಕಿದರೆಂದು ಮಾತ್ರ ತಿಳಿಯಬೇಡಿ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಾಯಿಸುವ ಕ್ರಮ ಬಂದಾಗ, ‘ನಾವೇನು ಕಳ್ಳರೇ’ ಎಂಬ ಸಿಟ್ಟಿನಲ್ಲಿ ಇಡೀ ಗಣಿ ಸುಮಾರು ಮೂರು ವಾರ ಕೆಲಸ ನಿಲ್ಲಿಸಿತು. ಹೆಸರಾಂತ ಕಾರ್ಮಿಕ ಸಂಘವಾಗಲಿ ದೊಡ್ಡ ನಾಯಕರಾಗಲಿ ಮುಂದೆ ನಿಲ್ಲದೆ ನಡೆದ ಹೋರಾಟವದು.

ಲೈನುಗಳನ್ನು ನೋಡಬಹುದೇ ಎಂದಿರಿ. ನೋಡಬಹುದು, ಏಕೆಂದರೆ ಅವುಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಾರೆ. ಹಾಗಾಗಿ ಅದು ಪ್ರದರ್ಶನದ ವಸ್ತುವಲ್ಲ. ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಅಂಗಡಿಯ ಮುಂದೋ ದೇವಸ್ಥಾನದ ಕಟ್ಟೆಯ ಮೇಲೋ ಕುಳಿತ ಹಿರಿಯರನ್ನು ವಿಚಾರಿಸಿ. ನಾನು ಅಲ್ಲಿಗೆ ಹೋಗಿದ್ದಾಗ ಒಬ್ಬ ನಿವೃತ್ತ ಕಾರ್ಮಿಕರು ತಾವು ಮೂವತ್ತು ವರ್ಷ ಇಳಿದ ಶಾಫ್ಟಿನ ದಿಕ್ಕಿಗೆ ಕೈತೋರಿಸಿ, ಒಂದು ಗಂಟೆ ಕಾಲ ತಮಿಳು ಬೆರೆತ ಕನ್ನಡದಲ್ಲಿ ಕೆಳಗಿನ ಒಂದೊಂದು ‘ಲೆವೆಲ್ಲಿನ’ ಸೆಕೆಯನ್ನೂ ಬೇರೆಬೇರೆಯಾಗಿ ವರ್ಣಿಸಿದರು. ನಿಮ್ಮ ಅಜ್ಜಿಯ ತಮ್ಮ ಯಾವ ಗಣಿಯಲ್ಲಿದ್ದರು ಎಂಬುದು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಬರೆದುಕೊಂಡು ಹೋಗಿ. ಮೈಸೂರು ಗಣಿ, ಚಾಂಪಿಯನ್ ರೀಫ್, ಊರುಗಾಂ, ನಂದಿದುರ್ಗ ಎಂಬ ನಾಲ್ಕು ಹೆಸರುಗಳಲ್ಲಿ ಒಂದು ಸಿಕ್ಕರೂ ಹುಡುಕುವ ಹಾದಿ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ಪೊನ್ನಂಪೇಟೆಯಿಂದ ಒಂದು ಕುಟುಂಬ. ಅತ್ತೆ, ಮಾವ ಮತ್ತು ಇಬ್ಬರು ಸಣ್ಣ ಮಕ್ಕಳೊಂದಿಗೆ ಎರಡು ದಿನಗಳಲ್ಲಿ ಕೆಜಿಎಫ್ ಮತ್ತು ಸುತ್ತಮುತ್ತ ಏನೇನು ನೋಡಬಹುದು? ರೈಲಿನಲ್ಲಿ ಹೋಗಬೇಕೆಂದು ಮಕ್ಕಳ ಹಟ.

ಉತ್ತರ: ನಮ್ಮ ಜಿಲ್ಲೆಗೆ ರೈಲು ಬಾರದ ಕಾರಣ ನಮ್ಮ ಮಕ್ಕಳಿಗೆ ರೈಲೆಂದರೆ ಹಬ್ಬ. ಹಟಕ್ಕೆ ಸೋಲಿರಿ. ಮೈಸೂರಿನವರೆಗೆ ಬಸ್ಸು, ಅಲ್ಲಿಂದ ಬೆಂಗಳೂರು ಮಾರ್ಗವಾಗಿ ಬಂಗಾರಪೇಟೆ, ಬಂಗಾರಪೇಟೆಯಿಂದ ಕವಲೊಡೆದು ಮಾರಿಕುಪ್ಪಕ್ಕೆ ಹೋಗುವ ಕಿರುದಾರಿ. ಗಣಿಗಳಿಗೆಂದೇ 1894ರಲ್ಲಿ ತೆರೆದ ಈ ಕವಲಿನಲ್ಲಿ ಕೋರಮಂಡಲ್, ಊರುಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಮಣಿ ಪೋಣಿಸಿದಂತೆ ಹತ್ತಿರ ಹತ್ತಿರ ಬರುತ್ತವೆ. ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ದಿಬ್ಬಗಳೂ ಹೆಡ್‌ಗೇರುಗಳೂ ಕುಳಿತಲ್ಲಿಗೇ ಕಾಣುತ್ತವೆ. ನನ್ನ ಮಟ್ಟಿಗೆ ಆ ಊರಿನ ಅತ್ಯುತ್ತಮ ಪ್ರವಾಸಿ ತಾಣವೆಂದರೆ ಈ ರೈಲೇ.

ಊರಿನೊಳಗೆ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳ ಬೀದಿಗಳು, ಚಾಂಪಿಯನ್ ರೀಫಿನ ವಿಜಯಮಾತೆಯ ಚರ್ಚು, ರಾಬರ್ಟ್‌ಸನ್ ಪೇಟೆಯ ಮಾರುಕಟ್ಟೆ ಇವಿಷ್ಟನ್ನು ಒಂದು ಮುಂಜಾನೆಯಲ್ಲಿ ನೋಡಬಹುದು. ಕೆಜಿಎಫ್ ಕ್ಲಬ್ಬಿನ ಕಟ್ಟಡ ಮತ್ತು ಗಾಲ್ಫ್ ಮೈದಾನವೂ ಇವೆ. ಆದರೆ ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಂತೆ ಅದೂ ಸದಸ್ಯರದು, ಪರಿಚಯದವರಿದ್ದರೆ ಮಾತ್ರ ಒಳಗೆ ಹೋಗುವುದು ಸರಿ. ರಾಬರ್ಟ್‌ಸನ್ ಎಂಬ ಹೆಸರು ಮೈಸೂರಿನ ಬ್ರಿಟಿಷ್ ರೆಸಿಡೆಂಟನಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನನದು. ಆಗ ಮೈಸೂರಿನ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರೂ ಆಗಿರುತ್ತಿದ್ದುದರಿಂದ, ನಮ್ಮ ಅಜ್ಜಂದಿರ ಕಾಲದ ಸರ್ಕಾರಿ ಕಾಗದಗಳಲ್ಲಿಯೂ ಆ ಹೆಸರು ಕಂಡೀತು.

ಅತ್ತೆ ಮಾವಂದಿರಿಗಾಗಿ ಎರಡನೆಯ ದಿನವನ್ನು ದೇವಸ್ಥಾನಗಳಿಗೆ ಇಡಿ. ಕಮ್ಮಸಂದ್ರದ ಕೋಟಿಲಿಂಗೇಶ್ವರ ಕೆಜಿಎಫ್‌ಗೆ ಕೆಲವೇ ಕಿಲೋಮೀಟರು ದೂರ. 108 ಅಡಿಯ ಲಿಂಗ, ಅದರೆದುರು 35 ಅಡಿಯ ನಂದಿ, ಸುತ್ತ ಭಕ್ತರು ಇಡಿಸಿದ ಲೆಕ್ಕವಿಲ್ಲದಷ್ಟು ಸಣ್ಣ ಲಿಂಗಗಳು. ಹೊಸ ಕಾಲದ ಕ್ಷೇತ್ರವಾದ್ದರಿಂದ ಶಿಲ್ಪದ ಸೊಗಸನ್ನು ನಿರೀಕ್ಷಿಸಬೇಡಿ, ಮಕ್ಕಳು ಮಾತ್ರ ಬೆರಗಾಗುತ್ತಾರೆ. ಶಿಲ್ಪ ಬೇಕೆಂದರೆ ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋಗಿ. ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳ ಗುಂಪು ಅಲ್ಲಿದೆ, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲಿಯ ಬೆಟ್ಟದಲ್ಲಿ ಎಂಬ ನಂಬಿಕೆಯೂ ಇದೆ. ಅದೇ ತಾಲ್ಲೂಕಿನ ಕುರುಡುಮಲೆಯ ಗಣಪತಿಯ ಎತ್ತರ ಹದಿಮೂರು ಅಡಿಯನ್ನು ಮೀರುತ್ತದೆ. ಬೇತಮಂಗಲದ ಕಡೆಗೆ ತಿರುಗಿದರೆ ಬಂಗಾರು ತಿರುಪತಿ, ಮತ್ತು ಪಾಲಾರ್ ನದಿಯ ನೀರನ್ನು ಗಣಿಯೂರಿಗೆ ಕುಡಿಯಲು ಒದಗಿಸಿದ ದೊಡ್ಡ ಕೆರೆ. ಬೂದಿಕೋಟೆ ಹೈದರಾಲಿ ಹುಟ್ಟಿದ ಊರು, ಇತಿಹಾಸದ ಹುಚ್ಚಿದ್ದವರು ಹೋಗಬಹುದು. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಹಿರಿಯರಿಗೆ ಮಂಡಿನೋವು ಖಂಡಿತ, ಎರಡು ಮೂರನ್ನು ಆಯ್ದುಕೊಳ್ಳಿ. ವಾಪಸ್ಸು ಬರುವಾಗ ಬಂಗಾರಪೇಟೆಯಲ್ಲಿ ತಿಳಿನೀರಿನ ಪಾನಿಪುರಿಯನ್ನು ತಿನ್ನದೆ ರೈಲು ಹತ್ತಬೇಡಿ. ಹಸಿರು ನೀರಿನ ಪಾನಿಪುರಿಗೆ ಒಗ್ಗಿದ ನಾಲಿಗೆಗೆ ಅದು ಮೊದಲು ಮೋಸವೆನಿಸುತ್ತದೆ, ಖಾರ ಆಮೇಲೆ ಏರುತ್ತದೆ.

ಹೋಗುವ ಕಾಲದ ಬಗ್ಗೆ ಒಂದು ಮಾತು: ಏಪ್ರಿಲ್, ಮೇ ತಿಂಗಳುಗಳ ಬಿಸಿಲನ್ನು ನಮ್ಮವರ ಮೈ ತಡೆಯುವುದಿಲ್ಲ. ಅರೇಬಿಕಾ ಕೊಯ್ಲಿಗೆ ಕೈಹಾಕುವ ಮೊದಲೇ ಹೊರಟುಬಿಡಿ, ಇಲ್ಲದಿದ್ದರೆ ರೊಬಸ್ಟಾ ಮುಗಿಯುವವರೆಗೆ ತೋಟದವರಿಗೆ ಬಿಡುವಿಲ್ಲ.

ಪ್ರಶ್ನೆ: ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಮಡಿಕೇರಿ. ಶಾಲಾ ಪ್ರವಾಸಕ್ಕೆ ಕೆಜಿಎಫ್ ಆಯ್ದರೆ ವಿಜ್ಞಾನದ ದೃಷ್ಟಿಯಿಂದ ತೋರಿಸುವುದೇನಾದರೂ ಇದೆಯೇ?

ಉತ್ತರ: ತೋರಿಸುವುದು ಒಂದಿದೆ, ಹೇಳುವುದು ಒಂದಿದೆ. ತೋರಿಸುವುದು ಪೆದ್ದಪಲ್ಲಿಯ ಬಂಡೆಗಳನ್ನು. ಜ್ವಾಲಾಮುಖಿಯ ಶಿಲಾಚೂರುಗಳು ಮತ್ತು ನೀರಿನಡಿಯಲ್ಲಿ ಉಕ್ಕಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾ ಅಲ್ಲಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮಾರು 270 ಕೋಟಿ ವರ್ಷ ಹಿಂದಿನ ಈ ಶಿಲಾಪಟ್ಟಿ ಉದ್ದದಲ್ಲಿ 80 ಕಿಲೋಮೀಟರು, ಅಗಲದಲ್ಲಿ ಕೆಲವೇ ಕಿಲೋಮೀಟರು. ಚಿನ್ನವಿದ್ದದ್ದು ಇದರ ಒಡಲಿನಲ್ಲೇ.

ಹೇಳುವುದು ನ್ಯೂಟ್ರಿನೋ ಎಂಬ, ಬಂಡೆಯನ್ನೂ ತೂರಿಹೋಗುವ ಅತಿಸೂಕ್ಷ್ಮ ಕಣದ ಕಥೆಯನ್ನು. ಗಗನದಿಂದ ಬೀಳುವ ಇತರ ಕಣಗಳನ್ನು ಸೋಸಿ ತಡೆಯಲು ಕಿಲೋಮೀಟರುಗಟ್ಟಲೆ ದಪ್ಪದ ಬಂಡೆ ಬೇಕು. ಅಂಥ ಬಂಡೆಯ ಕೆಳಗೆ ಹೋಗಿ ಕೂರುವ ಸೌಕರ್ಯ ಕೋಲಾರದಲ್ಲಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಜಗತ್ತಿನಲ್ಲೇ ಮೊದಲು ಹಿಡಿದವರಲ್ಲಿ ಒಬ್ಬರಾದರು. ಎಂ. ಜಿ. ಕೆ. ಮೆನನ್ ಮತ್ತು ಬಿ. ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ಅದೇ ವರ್ಷ ಅದೇ ಸಾಧನೆ ಮಾಡಿದ ಇನ್ನೊಂದು ತಂಡವೂ ಚಿನ್ನದ ಗಣಿಯಲ್ಲೇ ಇತ್ತು, ದಕ್ಷಿಣ ಆಫ್ರಿಕದಲ್ಲಿ. ಹೆಡ್‌ಗೇರಿನ ಕಡೆ ಮುಖಮಾಡಿ ನಿಲ್ಲಿಸಿ ಈ ಪಾಠ ಹೇಳಿದರೆ ಮಕ್ಕಳಿಗೆ ತರಗತಿಗಿಂತ ಚೆನ್ನಾಗಿ ನಾಟುತ್ತದೆ ಎಂಬುದು ನನ್ನ ಅನಿಸಿಕೆ.

ಪ್ರಶ್ನೆ: ತುಕ್ಕು ಹಿಡಿದ ಕಬ್ಬಿಣದ ಗೋಪುರಗಳನ್ನು ಪರಂಪರೆ ಎಂದು ಕರೆಯುವುದು ಅತಿಯಲ್ಲವೇ? ನಮ್ಮಲ್ಲಿ ನಾಲ್ಕುನಾಡು ಅರಮನೆ, ರಾಜರ ಗದ್ದಿಗೆಗಳಿಗೇ ನೋಡಿಕೊಳ್ಳುವವರು ಸಾಲದು. (ಕುಶಾಲನಗರದ ಓದುಗರು)

ಉತ್ತರ: ಗದ್ದಿಗೆಯ ಬಗೆಗಿನ ನಿಮ್ಮ ಕಾಳಜಿ ನ್ಯಾಯವಾದದ್ದು. ಆದರೆ ಒಂದಕ್ಕೆ ಕೊರತೆಯಾಗಿದೆ ಎಂಬುದು ಇನ್ನೊಂದನ್ನು ಬಿಡುವುದಕ್ಕೆ ಕಾರಣವಾಗಲಾರದು. ಕೋಲಾರದ ಗಣಿಗೆ ಕುಶಲ ಕೆಲಸಗಾರರಾಗಿ ಬಂದ ಬಿಳಿಯರಲ್ಲಿ ಬಹಳ ಮಂದಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರು. ಅವರ ಆ ತವರಿನ ಪಾಳುಬಿದ್ದ ಗಣಿಕಟ್ಟಡಗಳನ್ನು, ಎಂಜಿನ್ ಮನೆಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ತಲಕಾವೇರಿಯ ಕಾಡುಗಳು ಪಶ್ಚಿಮಘಟ್ಟದ ಭಾಗವಾಗಿ ಅದೇ ಪಟ್ಟಿಗೆ ಸೇರಿದ್ದು 2012ರಲ್ಲಿ. ಕೋಲಾರದಲ್ಲಿದ್ದದ್ದೂ ಕಾರ್ನ್‌ವಾಲಿನ ಅದೇ ಜನ, ಅದೇ ವಿದ್ಯೆ, ಅಲ್ಲಿಗಿಂತ ಎಷ್ಟೋ ಆಳದ ಗಣಿ. ಕಾರ್ನ್‌ವಾಲಿನಲ್ಲಿ ಪರಂಪರೆಯಾದದ್ದು ಕೋಲಾರದಲ್ಲಿ ಗುಜರಿ ಆಗಬೇಕೇ? ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚು ಉಳಿದದ್ದು ಅದನ್ನು ವಸ್ತುಸಂಗ್ರಹಾಲಯ ಮಾಡಿದ್ದರಿಂದ. ಉಪಯೋಗವಿಲ್ಲದೆ ನಿಲ್ಲಿಸಿದ ಕಟ್ಟಡವನ್ನು ಮಳೆಯೇ ಕೆಡವುತ್ತದೆ ಎಂಬುದು ಕೊಡಗಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಒಂದು ಹೆಡ್‌ಗೇರು, ಅದರ ಹಗ್ಗ ಸುತ್ತುವ ವೈಂಡಿಂಗ್ ಎಂಜಿನ್ನಿನ ಮನೆ, ಪಕ್ಕದ ಒಂದು ಸಾಲು ಲೈನು, ಇವಿಷ್ಟನ್ನು ಅಲ್ಲಿಯ ಹಳೆಯ ಕಾರ್ಮಿಕರೇ ವಿವರಿಸಿ ತೋರಿಸುವಂತೆ ಮಾಡಿದರೆ ಪ್ರವಾಸಿಗೂ ಲಾಭ, ಅವರಿಗೂ ಸಂಬಳ. ಆ ಕೆಲಸಕ್ಕೆ ತಡಮಾಡುವಂತಿಲ್ಲ. ಶಾಫ್ಟಿಗೆ ಇಳಿದವರ ವಯಸ್ಸು ಕಾಯುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜಿಯ ಕೊರಳ ಒಡವೆಗಳಾದ ಜೋಮಾಲೆ ಮತ್ತು ಪತ್ತಾಕ್ ಕೋಲಾರದ ಚಿನ್ನದ್ದೆಂದು ಮನೆಯಲ್ಲಿ ವಾಡಿಕೆಯ ಮಾತು. ಇದ್ದೀತೇ? (ಸೋಮವಾರಪೇಟೆಯ ಓದುಗರು)

ಉತ್ತರ: ಬ್ರಿಟಿಷ್ ಕಂಪನಿಗಳ ಕಾಲದಲ್ಲಿ ಮೈಸೂರು ಸರ್ಕಾರಕ್ಕೆ ಸಿಗುತ್ತಿದ್ದುದು ರಾಜಧನ ಮಾತ್ರ, ಚಿನ್ನದ ಗಟ್ಟಿಗಳು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿದ್ದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಆಗಲೂ ಗಣಿಯ ಬಾಗಿಲಲ್ಲಿ ಚಿನ್ನ ಮಾರುವ ಪದ್ಧತಿಯಿರಲಿಲ್ಲ. ಆದ್ದರಿಂದ ಅಜ್ಜಿಯ ಒಡವೆಗೆ ಚಿನ್ನ ಕೋಲಾರದಿಂದ ನೇರವಾಗಿ ಬಂದಿರುವುದು ಅಸಂಭವ. ಆದರೆ ಹಳೆಯ ಪತ್ತಾಕಿನ ನಡುವೆ ಕೂರಿಸುತ್ತಿದ್ದುದು ಬಹುಮಟ್ಟಿಗೆ ಇಂಗ್ಲೆಂಡಿನ ಪವನಿನ ನಾಣ್ಯವನ್ನು. ಇಲ್ಲಿಂದ ಹೋದ ಚಿನ್ನದ ಒಂದು ಕಣ ನಾಣ್ಯವಾಗಿ ಸೋಮವಾರಪೇಟೆಗೆ ಮರಳಿರಬಹುದೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ, ಸಾಬೀತುಪಡಿಸುವುದಕ್ಕೆ ದಾರಿಯಿಲ್ಲ. ಅದನ್ನು ತಿಳಿಯಲೆಂದು ಅಕ್ಕಸಾಲಿಗರ ಅಂಗಡಿಗೆ ಮಾತ್ರ ಒಯ್ಯಬೇಡಿ, ಒರೆಗಲ್ಲು ಚಿನ್ನದ ಅಪ್ಪಟತನವನ್ನು ಹೇಳುತ್ತದೆಯೇ ಹೊರತು ಊರನ್ನಲ್ಲ.